ನಿಮಗಿದು ಗೊತ್ತೆ? ಕೋತಿ ನೆನೆಯಬೇಡ ಎಂದರೆ ನಿದ್ದೆ ಬಾರದು

ನಡುರಾತ್ರಿ ಎಚ್ಚರವಾಗಿ ಸಾಲದ ಕಂತು, ಅಡಿಕೆಯ ಕೊಳೆರೋಗ ಎಂದು ತಲೆ ಓಡತೊಡಗಿದಾಗ ‘ಏನೂ ಯೋಚಿಸದೆ ಮಲಗು’ ಎನ್ನುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಮದ್ದು ಕುಡಿಯುವಾಗ ಕೋತಿ ನೆನೆಯಬೇಡ ಎಂದರೆ ಕೋತಿಯೇ ಕಣ್ಣಮುಂದೆ ಕುಣಿಯುತ್ತದಲ್ಲ! ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೋತಿಯ ಜಾಗದಲ್ಲಿ ಬಿಳಿ ಕರಡಿಯಿತ್ತು. ಬೇಡವೆಂದಷ್ಟೂ ಅದು ಬಂತು. ಹಾಗಾಗಿ ಮನಸ್ಸನ್ನು ಖಾಲಿ ಮಾಡುವುದಕ್ಕಿಂತ ಅದಕ್ಕೊಂದು ಹಗುರ ಕೆಲಸ ಕೊಡುವುದೇ ಸರಿಯಾದ ದಾರಿ.

ಆಕ್ಸ್‌ಫರ್ಡ್‌ನ ಸಂಶೋಧಕರಾದ ಅಲಿಸನ್ ಹಾರ್ವಿ ಮತ್ತು ಸುಝಾನಾ ಪೇಯ್ನ್ 2002ರಲ್ಲಿ ಪ್ರಕಟಿಸಿದ, ನಿದ್ರಾಹೀನತೆಯ 41 ಮಂದಿಯ ಅಧ್ಯಯನದಲ್ಲಿ, ಹಿತವಾದ ದೃಶ್ಯವನ್ನು ಕಣ್ಣಿಗೆ ಕಟ್ಟುವಂತೆ ಕಲ್ಪಿಸಿಕೊಂಡವರು, ಯಾವ ಸೂಚನೆಯೂ ಇಲ್ಲದವರಿಗಿಂತ ಬೇಗ ನಿದ್ದೆ ಹೋದರು. ಸೊರಬ ತಾಲ್ಲೂಕಿನ ಉಳವಿಯಂಥ ಅಡಿಕೆ ಊರಿನವರಿಗೆ ಇಂಥ ದೃಶ್ಯ ಹುಡುಕಲು ದೂರ ಹೋಗಬೇಕಿಲ್ಲ: ಅಡಿಕೆ ತೋಟದ ನೆರಳು, ಕಾಲುವೆ, ಒದ್ದೆ ಮಣ್ಣಿನ ವಾಸನೆ, ಒಂದೊಂದೇ ಮರ ದಾಟುವ ನಡಿಗೆ. ಆ ಪ್ರಯೋಗ ಮಲಗುವ ಹೊತ್ತಿನದು, ನಡುರಾತ್ರಿಯದಲ್ಲ ಎನ್ನಬಹುದು. ನಿಜ, ಆದರೆ ಓಡುವ ಮನಸ್ಸು ಎರಡು ಹೊತ್ತಿನಲ್ಲೂ ಒಂದೇ. ತೋಟ ನೆನೆದರೆ ಸಾಲವೇ ನೆನಪಾದೀತು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಅಂಥವರು ಕೆರೆಯನ್ನೋ ಕಾಡುದಾರಿಯನ್ನೋ ಆರಿಸಿಕೊಳ್ಳಲಿ, ಚಿಂತೆಯನ್ನು ಮಲಗುವ ಮುನ್ನವೇ ಚೀಟಿಯಲ್ಲಿ ಬರೆದಿಡಲಿ. ಸುಮಾರು ಇಪ್ಪತ್ತು ನಿಮಿಷವಾಯಿತು ಎನಿಸಿದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೆದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದಾಗ ಮರಳುವುದು ಲೇಸು. ಗಡಿಯಾರ, ಮೊಬೈಲ್ ನೋಡುವುದು ಬೇಡ. ವಾರದಲ್ಲಿ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ಕಳೆದರೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ (14416) ಹಗಲಿರುಳೂ ಉಚಿತ.