ಹಳದಿ ಹಕ್ಕಿ ಹಾರಿಹೋದ ಮೇಲೆ

ಗೋವೆಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಮೊಬೈಲು ಫೋನು ಬರಿಯ ವಿನೋದದ ವಸ್ತುವಲ್ಲ. ವಾಸ್ಕೊದಲ್ಲಿಯೋ ಮಡಗಾಂವದಲ್ಲಿಯೋ ದುಡಿಯುತ್ತಿರುವವರಿಗೆ ವಿಜಾಪುರ, ಬಾಗಲಕೋಟೆ, ಗದಗ ಸೀಮೆಯ ಬಂಧುಗಳ ಸುಖದುಃಖ ತಿಳಿಯುವುದು ಅದರಿಂದಲೇ. ಬೀದಿಯಲ್ಲಿ ಕೊಂಕಣಿ, ಹಿಂದಿಗಳನ್ನು ಆಡಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳು ಕನ್ನಡವನ್ನು ಕೇಳುವುದು ಮನೆಯಲ್ಲಿ ಮತ್ತು ಆ ಫೋನಿನಲ್ಲಿ. ಆದುದರಿಂದ ಯಾರಾದರೂ ಬಂದು, ನಿಮ್ಮ ಭಾಷೆಗಾಗಿಯೇ ಹೊಸ ಜಾಲವೊಂದನ್ನು ಕಟ್ಟಿದ್ದೇವೆ, ಅದರಲ್ಲಿ ಕೃತಕ ಬುದ್ಧಿಮತ್ತೆಯೂ ಇದೆ ಎಂದರೆ ನಮ್ಮ ಮನಸ್ಸು ಅತ್ತ ವಾಲುವುದು ಸಹಜ. ಹಾಗೆ ವಾಲುವ ಮುನ್ನ ವಿಚಾರಿಸಬೇಕಾದ ಕೆಲವು ಸಂಗತಿಗಳನ್ನು ಓದುಗರ ಮುಂದಿಡಬಯಸುತ್ತೇವೆ.

ನಿದರ್ಶನಕ್ಕಾಗಿ ದೂರ ಹೋಗಬೇಕಿಲ್ಲ. 2020ರಲ್ಲಿ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಎಂಬಿಬ್ಬರು ಬೆಂಗಳೂರಿನಲ್ಲಿ 'ಕೂ' ಎಂಬ ಜಾಲತಾಣವನ್ನು ಆರಂಭಿಸಿದರು. ಹಳದಿ ಹಕ್ಕಿ ಅದರ ಲಾಂಛನ. ಟ್ವಿಟ್ಟರಿನಂತೆ ನಾಲ್ಕು ಮಾತು ಬರೆದು ಲೋಕಕ್ಕೆ ಸಾರುವ ಈ ತಾಣವು ಮೊದಲು ಬಂದದ್ದು ಕನ್ನಡದಲ್ಲಿ. ಇತರ ಭಾಷೆಗಳು ಅನಂತರ ಸೇರಿದವು. ಅದೇ ವರ್ಷ ಕೇಂದ್ರ ಸರಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಪುರಸ್ಕಾರ ದೊರೆಯಿತು. 2021ರಲ್ಲಿ ಕೇಂದ್ರದ ಸಚಿವರೂ ಇಲಾಖೆಗಳೂ ಅಲ್ಲಿ ಖಾತೆ ತೆರೆದರು. ಅಮೆರಿಕದ ಟೈಗರ್ ಗ್ಲೋಬಲ್ ಸಂಸ್ಥೆಯ ಮುಂದಾಳ್ತನದಲ್ಲಿ ಮೂರು ಕೋಟಿ ಡಾಲರುಗಳ ಬಂಡವಾಳವೂ ಹರಿದುಬಂದಿತು. 2022ರಲ್ಲಿ ಹಕ್ಕಿಯು ಬ್ರೆಜಿಲ್ ದೇಶದವರೆಗೂ ಹಾರಿತು. 2023ರ ಮಾರ್ಚಿಯಲ್ಲಿ 'ಚಾಟ್‌ಜಿಪಿಟಿ' ಎಂಬ ಕೃತಕ ಬುದ್ಧಿಮತ್ತೆಯನ್ನು ತನ್ನೊಳಗೆ ಸೇರಿಸಿಕೊಂಡು, ಬರೆಯಲು ತೋಚದವರಿಗೆ ಯಂತ್ರವೇ ಬರೆದುಕೊಡುವ ಏರ್ಪಾಡು ಮಾಡಿತು. ಮರುತಿಂಗಳೇ ನೌಕರರಲ್ಲಿ ಅನೇಕರನ್ನು ಕೈಬಿಡಲಾಯಿತೆಂಬ ವಾರ್ತೆ ಬಂದಿತು. 2024ರ ಜುಲೈ ತಿಂಗಳಲ್ಲಿ ಸಂಸ್ಥಾಪಕರು ತಾಣವನ್ನೇ ಮುಚ್ಚುವುದಾಗಿ ಸಾರಿದರು. ಉಚ್ಛ್ರಾಯದಲ್ಲಿ ದಿನವೊಂದಕ್ಕೆ ಸುಮಾರು 21 ಲಕ್ಷ ಮಂದಿ ಅದನ್ನು ಬಳಸುತ್ತಿದ್ದರೆಂದು ಅವರೇ ಹೇಳಿದ್ದಾರೆ.

ಕನ್ನಡಕ್ಕೆ ಮೊದಲ ಮಣೆ ಹಾಕಿದವರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ನಿಜವಾದ ಸಾಹಸವೇ ಸರಿ. ಆದರೆ ಹಕ್ಕಿ ಬಿದ್ದದ್ದು ಕನ್ನಡಿಗರು ಕೈಬಿಟ್ಟದ್ದರಿಂದ ಮಾತ್ರವಲ್ಲ. ದೊಡ್ಡ ಸಂಸ್ಥೆಗಳೊಡನೆ ನಡೆದ ವಿಲೀನದ ಮಾತುಕತೆಗಳು ಮುರಿದುಬಿದ್ದವು. ತಂತ್ರಜ್ಞಾನದ ವೆಚ್ಚವನ್ನು ಹೊರುವುದು ದುಸ್ತರವಾಯಿತು. ಆದಾಯವಿಲ್ಲದೆ ಬಂಡವಾಳದ ಬಲದಿಂದಲೇ ನಿಂತ ಚಪ್ಪರವು ಕಂಬ ಕಿತ್ತ ದಿನ ಕುಸಿಯದೆ ಇರುವುದೆಂತು?

ಇಲ್ಲಿಯೇ ಕೃತಕ ಬುದ್ಧಿಮತ್ತೆಯ ವಿಚಾರ ಬರುತ್ತದೆ. ಅದು ಜಾಲಗಳ ರೋಗಕ್ಕೆಲ್ಲ ರಾಮಬಾಣವೆಂಬಂತೆ ಹೊಸ ಸಂಸ್ಥಾಪಕರು ನುಡಿಯುತ್ತಾರೆ. ವಾಸ್ತವದಲ್ಲಿ ಯಂತ್ರವು ಕೊಡುವ ಪ್ರತಿಯೊಂದು ಉತ್ತರಕ್ಕೂ ವಿದ್ಯುತ್ತು, ಗಣಕಗಳು, ಬಾಡಿಗೆ ಎಂದು ಖರ್ಚು ತಗಲುತ್ತದೆ. ಇಂತಹ ಯಂತ್ರಗಳು ಬರಹವನ್ನು ಸಣ್ಣ ತುಣುಕುಗಳಾಗಿ ಒಡೆದು ಓದುತ್ತವೆ. ಇಂಗ್ಲಿಷಿನ ಒಂದು ವಾಕ್ಯಕ್ಕಿಂತ ಅದೇ ಅರ್ಥದ ಕನ್ನಡ ವಾಕ್ಯವು ಸಾಮಾನ್ಯವಾಗಿ ಹೆಚ್ಚು ತುಣುಕುಗಳಾಗುತ್ತದೆ, ತುಣುಕಿಗೆ ತಕ್ಕಂತೆ ಬೆಲೆಯೂ ಏರುತ್ತದೆ. ಎಂದರೆ ವೆಚ್ಚದ ಭಾರದಿಂದ ಬಳಲುವ ಸಂಸ್ಥೆಯ ಹೆಗಲಿಗೆ ಇದು ಮತ್ತೊಂದು ಮೂಟೆ.

ಹೆಸರಾಂತರಿಗೂ ಈ ದಾರಿ ಸುಲಭವಾಗಲಿಲ್ಲ. ಇನ್‌ಸ್ಟಾಗ್ರಾಮನ್ನು ಹುಟ್ಟುಹಾಕಿದ ಕೆವಿನ್ ಸಿಸ್ಟ್ರಮ್ ಮತ್ತು ಮೈಕ್ ಕ್ರೀಗರ್ ಅವರು, ಓದುಗರ ಅಭಿರುಚಿಯನ್ನು ಯಂತ್ರವೇ ಅರಿತು ಸುದ್ದಿ ಬಡಿಸುವ 'ಆರ್ಟಿಫ್ಯಾಕ್ಟ್' ಎಂಬುದನ್ನು 2023ರ ಜನವರಿಯಲ್ಲಿ ತಂದರು. ಒಂದು ವರ್ಷ ತುಂಬುವಷ್ಟರಲ್ಲಿ ಅದನ್ನು ಮುಚ್ಚುವುದಾಗಿ ತಿಳಿಸಿದರು. 2025ರ ಸೆಪ್ಟೆಂಬರಿನಲ್ಲಿ ಮೆಟಾ ಸಂಸ್ಥೆಯು 'ವೈಬ್ಸ್' ಎಂಬುದನ್ನೂ ಓಪನ್‌ಎಐ ಸಂಸ್ಥೆಯು 'ಸೋರಾ' ಎಂಬುದನ್ನೂ ಹೊರತಂದವು. ಅವುಗಳಲ್ಲಿ ಕಂಡ ಚಲಚ್ಚಿತ್ರಗಳು ಯಂತ್ರವೇ ಕಲ್ಪಿಸಿದವು. ಅದೇ ವರ್ಷ 'ಕೂ' ಸಂಸ್ಥಾಪಕರಲ್ಲೊಬ್ಬರಾದ ಬಿದಾವತ್ಕಾ ಅವರು, ಫೋನಿನ ಭಾವಚಿತ್ರಗಳಲ್ಲಿ ಸ್ನೇಹಿತರ ಮುಖಗಳನ್ನು ಗುರುತಿಸಿ ಪರಸ್ಪರ ವಿನಿಮಯಕ್ಕೆ ನೆರವಾಗುವ 'ಪಿಕ್‌ಸೀ' ಎಂಬುದನ್ನು ಆರಂಭಿಸಿದರು. ಕಟ್ಟುವವರು ಒಂದು ಮುಚ್ಚಿದರೆ ಮತ್ತೊಂದನ್ನು ಕಟ್ಟಬಲ್ಲರು. ಮುಚ್ಚಿದ ತಾಣದಲ್ಲಿ ಬರೆದಿಟ್ಟವರ ಪಾಡೇನು? ಮಿತ್ರರನ್ನು ಮತ್ತೆ ಒಬ್ಬೊಬ್ಬರನ್ನಾಗಿ ಹುಡುಕಬೇಕು. 2014ರಲ್ಲಿ 'ಆರ್ಕುಟ್' ನಿಂತಾಗಲೂ ಎಷ್ಟೋ ಭಾರತೀಯರಿಗೆ ಇದೇ ಅನುಭವವಾಗಿತ್ತು.

ಯಂತ್ರದ ಒಡೆತನ ಯಾರದೋ, ಭಾಷೆಯ ಹಣೆಬರಹವೂ ಅವರ ಕೈಯಲ್ಲಿ ಎಂಬ ಮಾತಿಗೆ ನಾವಿರುವ ಈ ನೆಲವೇ ಸಾಕ್ಷಿ. ಭಾರತದ ಮೊದಲ ಅಚ್ಚಿನ ಯಂತ್ರ 1556ರಲ್ಲಿ ಬಂದಿಳಿದದ್ದು ಗೋವೆಗೆ. ಪಾದ್ರಿ ತಾಮಸ್ ಸ್ಟೀಫನ್ಸರು ರಚಿಸಿದ ಕೊಂಕಣಿ ವ್ಯಾಕರಣ 1640ರಲ್ಲಿ ರಾಶೋಲಿನಲ್ಲಿ ಅಚ್ಚಾಯಿತು. ಆದರೆ 1684ರಲ್ಲಿ ಪೋರ್ತುಗೀಜ್ ವೈಸ್‌ರಾಯ್, ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ತುಗೀಜಿನಲ್ಲಿಯೇ ಮಾತಾಡಬೇಕೆಂದು ಆಜ್ಞೆ ಹೊರಡಿಸಿದ. ಯಂತ್ರದಲ್ಲಿ ಅಚ್ಚಾಗಿದ್ದ ಭಾಷೆಯನ್ನು ಆ ಯಂತ್ರ ಕಾಯಲಿಲ್ಲ. ಕಾದವರು ಮನೆಯಲ್ಲಿ ಅದನ್ನಾಡಿದ ತಾಯಂದಿರು. ಅದೇ ಕೊಂಕಣಿ 1987ರಲ್ಲಿ ಗೋವೆಯ ರಾಜಭಾಷೆಯಾಯಿತು.

ಹಾಗೆಂದು ಹೊಸದನ್ನೆಲ್ಲ ದೂರವಿಡಬೇಕೆಂದು ನಾವು ಹೇಳುವುದಿಲ್ಲ. ಕನ್ನಡದ ಮಾತನ್ನು ಕೊಂಕಣಿಗೆ ತಿರುಗಿಸಿಕೊಡುವ ಯಂತ್ರವು ನೆರೆಹೊರೆಯನ್ನು ಹತ್ತಿರ ತರುವುದಾದರೆ ಸಂತೋಷವೇ. ಆದರೆ ಸೇರುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳೋಣ. ಈ ಜಾಲಕ್ಕೆ ಹಣ ಎಲ್ಲಿಂದ ಬರುತ್ತದೆ? ನಾವು ಬರೆದುದನ್ನೂ ನಮ್ಮ ಚಿತ್ರಗಳನ್ನೂ ಯಂತ್ರಕ್ಕೆ ಕಲಿಸಲು ಬಳಸುವರೆ? ನಾಳೆ ಬಾಗಿಲು ಮುಚ್ಚಿದರೆ ನಮ್ಮದನ್ನು ನಾವು ಹಿಂದಕ್ಕೆ ಪಡೆಯಬಹುದೆ? ಎರಡನೆಯ ಪ್ರಶ್ನೆ ಕಲ್ಪನೆಯದಲ್ಲ. ಫೇಸ್‌ಬುಕ್ಕಿನಲ್ಲಿ ಸಾರ್ವಜನಿಕವಾಗಿ ಬರೆದುದನ್ನು ಹಾಗೆ ಬಳಸುವುದಾಗಿ ಮೆಟಾ ಸಂಸ್ಥೆಯೇ ಹೇಳಿದೆ. 2023ರ ದತ್ತಾಂಶ ರಕ್ಷಣೆಯ ಕಾಯಿದೆಯು ಹದಿನೆಂಟು ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಆ ಒಪ್ಪಿಗೆಯನ್ನು ಓದದೆ ಒತ್ತುವ ಗುಂಡಿಯನ್ನಾಗಿ ಮಾಡಿಕೊಳ್ಳುವುದು ಬೇಡ.

ಮದುವೆಯ ಚಿತ್ರಗಳ, ಅಜ್ಜಿಯ ದನಿಯ ಪ್ರತಿಯೊಂದನ್ನು ಮನೆಯಲ್ಲಿಯೂ ಇಟ್ಟುಕೊಳ್ಳಿ. ಬಂಧುಗಳ ವಿಳಾಸವನ್ನೂ ಫೋನಿನ ಸಂಖ್ಯೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ವಾರಕ್ಕೊಮ್ಮೆ ಮಕ್ಕಳ ಕೈಯಿಂದಲೇ ಊರಿಗೆ ನಾಲ್ಕು ಸಾಲು ಕನ್ನಡ ಬರೆಯಿಸಿ, ತಪ್ಪಿದ್ದರೂ ಚಿಂತೆಯಿಲ್ಲ. ತಪ್ಪಿಲ್ಲದೆ ಬರೆದುಕೊಡುವ ಯಂತ್ರ ಸಿಕ್ಕೀತು, ಆದರೆ ಊರಿನ ದೊಡ್ಡಪ್ಪನಿಗೆ ಬೇಕಾದದ್ದು ಮಗು ಬರೆದ ಓಲೆ.