ಅರವತ್ತು, ತೊಂಬತ್ತು ದಿನಗಳ ಲೆಕ್ಕ: ಆರೋಪಿಯ ಜಾಮೀನು ಹಕ್ಕಿನ ಬಗ್ಗೆ ಒಂದಿಷ್ಟು

ಚಿತ್ರದುರ್ಗದ ರೇಣುಕಾಸ್ವಾಮಿ ಕೊಲೆ ಪ್ರಕರಣದಲ್ಲಿ ಬೆಂಗಳೂರು ಪೊಲೀಸರು 2024ರ ಸೆಪ್ಟೆಂಬರ್ 4ರಂದು ನ್ಯಾಯಾಲಯಕ್ಕೆ ದೋಷಾರೋಪ ಪಟ್ಟಿ ಸಲ್ಲಿಸಿದರು. ಅದು 3,991 ಪುಟಗಳದ್ದು ಎಂಬುದೇ ದೊಡ್ಡ ಸುದ್ದಿಯಾಯಿತು. ಆದರೆ ಕಾನೂನು ಬಲ್ಲವರು ನೋಡಿದ್ದು ತಾರೀಕನ್ನು. ನಟ ದರ್ಶನ್ ಅವರನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಿದ್ದು ಜೂನ್ 11ರಂದು. ಆ ದಿನವನ್ನೂ ಸೇರಿಸಿ ಎಣಿಸಿದರೆ ಸೆಪ್ಟೆಂಬರ್ 4 ಎಂಬತ್ತಾರನೆಯ ದಿನ. ತೊಂಬತ್ತನೆಯ ದಿನ ಸೆಪ್ಟೆಂಬರ್ 8, ಭಾನುವಾರ. ಅದರ ಹಿಂದಿನ ದಿನ ಗಣೇಶ ಚತುರ್ಥಿ. ಪೊಲೀಸರು ಹಬ್ಬಕ್ಕೆ ಮೊದಲೇ ಕೆಲಸ ಮುಗಿಸಿದ್ದರು. ತೊಂಬತ್ತು ದಿನ ದಾಟಿದ್ದರೆ, ಅಪರಾಧ ಎಷ್ಟೇ ಘೋರವೆಂದು ಹೇಳಲಾಗಿದ್ದರೂ, ಆರೋಪಿಗೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತಿತ್ತು.

ಇದಕ್ಕೆ ವಕೀಲರು 'ಡಿಫಾಲ್ಟ್ ಜಾಮೀನು' ಎನ್ನುತ್ತಾರೆ. ಸಾಮಾನ್ಯ ಜಾಮೀನಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಸಾಮಾನ್ಯ ಜಾಮೀನಿನಲ್ಲಿ ನ್ಯಾಯಾಧೀಶರು ಸಾಕ್ಷ್ಯ, ಅಪರಾಧದ ಗಂಭೀರತೆ ಎಲ್ಲವನ್ನೂ ತೂಗಿ ನೋಡುತ್ತಾರೆ. ಇದೇ ಪ್ರಕರಣದಲ್ಲಿ ಹೈಕೋರ್ಟ್ 2024ರ ಡಿಸೆಂಬರ್ 13ರಂದು ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದುಪಡಿಸಿತು. ಅದು ಆ ಬಗೆಯ ಜಾಮೀನು. ಡಿಫಾಲ್ಟ್ ಜಾಮೀನಿನಲ್ಲಿ ತೂಗಿ ನೋಡುವ ಮಾತಿಲ್ಲ. ಪ್ರಶ್ನೆ ಒಂದೇ: ನಿಗದಿಯಾದ ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಿದರೇ, ಇಲ್ಲವೇ?

ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠ ಹತ್ತು ವರ್ಷದ ಶಿಕ್ಷೆ ಇರುವ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನ. 1973ರ ದಂಡಪ್ರಕ್ರಿಯಾ ಸಂಹಿತೆಯ 167(2)ನೇ ಕಲಮಿನಲ್ಲಿದ್ದ ಈ ನಿಯಮ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187(3)ನೇ ಕಲಮಿನಲ್ಲಿ ಮುಂದುವರಿದಿದೆ. 1973ಕ್ಕೆ ಮುಂಚೆ ಇಂಥ ಮಿತಿ ಇರಲಿಲ್ಲ. ಹದಿನೈದು ದಿನದಲ್ಲಿ ತನಿಖೆ ಮುಗಿಯದಿದ್ದರೆ ಅರೆಬರೆ ವರದಿಯೊಂದನ್ನು ಒಪ್ಪಿಸಿ, ಮನುಷ್ಯನನ್ನು ಜೈಲಿನಲ್ಲೇ ಉಳಿಸಿಕೊಳ್ಳುವ ರೂಢಿ ಬೆಳೆದಿತ್ತು. ಅದನ್ನು ತಡೆಯಲೆಂದೇ ಮೊದಲು 60 ದಿನಗಳ ಮಿತಿ ಬಂತು. 1978ರ ತಿದ್ದುಪಡಿಯಲ್ಲಿ ಗಂಭೀರ ಅಪರಾಧಗಳಿಗೆ ಅದು 90 ಆಯಿತು.

ಹೆಸರಾಂತ ಆರೋಪಿಗಳ ಪರವಾಗಿ ದಿನ ಎಣಿಸಲು ವಕೀಲರ ದಂಡೇ ಇರುತ್ತದೆ. ನಮ್ಮ ಚಿಂತೆ ಇನ್ನೊಬ್ಬರ ಬಗ್ಗೆ. ಹೊಳಲ್ಕೆರೆ ಕಡೆಯ ಕೂಲಿಯಾಳೊಬ್ಬ ಅಡಿಕೆ ಕಳವಿನ ಆರೋಪದಲ್ಲಿ ಸಿಕ್ಕಿಬಿದ್ದ ಎಂದುಕೊಳ್ಳೋಣ. ಮಾರ್ಚ್ 1ರಂದು ಮ್ಯಾಜಿಸ್ಟ್ರೇಟರು ಅವನನ್ನು ನ್ಯಾಯಾಂಗ ಬಂಧನಕ್ಕೆ ಒಪ್ಪಿಸುತ್ತಾರೆ. ಪೊಲೀಸರು ಹಿಡಿದ ದಿನದಿಂದ ಲೆಕ್ಕ ಶುರುವಾಗುವುದಿಲ್ಲ. ಮ್ಯಾಜಿಸ್ಟ್ರೇಟರ ಆದೇಶದ ದಿನವೇ ಮೊದಲ ದಿನ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗಾಗಿ ಏಪ್ರಿಲ್ 29ಕ್ಕೆ ಅರವತ್ತು ದಿನ ತುಂಬುತ್ತದೆ. ಅಷ್ಟರೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಏಪ್ರಿಲ್ 30ರ ಬೆಳಿಗ್ಗೆ ಅವನಿಗೆ ಹಕ್ಕಿದೆ.

ಆದರೆ ಹಕ್ಕು ಇದ್ದ ಮಾತ್ರಕ್ಕೆ ಜೈಲಿನ ಬಾಗಿಲು ತಾನಾಗಿ ತೆರೆಯುವುದಿಲ್ಲ. ಅವನು ಕೇಳಬೇಕು. ಏಪ್ರಿಲ್ 30ರಂದು ಯಾರೂ ಅರ್ಜಿ ಹಾಕದೆ, ಮೇ 2ರಂದು ಪೊಲೀಸರು ದೋಷಾರೋಪ ಪಟ್ಟಿ ತಂದುಕೊಟ್ಟರೆ ಹಕ್ಕು ಅಲ್ಲಿಗೇ ಮುಗಿಯಿತು. ಅವನು ಮೊದಲೇ ಅರ್ಜಿ ಕೊಟ್ಟಿದ್ದರೆ ಆಮೇಲೆ ಬಂದ ಪಟ್ಟಿ ಆ ಹಕ್ಕನ್ನು ಕಸಿಯಲಾರದು. ಅರ್ಜಿ ಬರಹದಲ್ಲೇ ಇರಬೇಕೆಂದಿಲ್ಲ, ಬಾಯಿಮಾತಿನಲ್ಲಿ ಕೇಳಿದರೂ ಸಾಕು. ವಕೀಲರಿಲ್ಲದ ಆರೋಪಿಗೆ ಈ ಹಕ್ಕನ್ನು ತಿಳಿಸಿಕೊಡಬೇಕು ಎಂದು 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಹೇಳುತ್ತದೆ. ಇದು ಸಂವಿಧಾನದ 21ನೇ ವಿಧಿಯ ಭಾಗವೆಂದು 2020ರ ಬಿಕ್ರಮ್‌ಜಿತ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಸಾರಿದೆ. ಅದೇ ವರ್ಷ ಬಂದ ಇನ್ನೊಂದು ತೀರ್ಪಿನ ಪ್ರಕಾರ, ಈ ಜಾಮೀನಿಗೆ ದೊಡ್ಡ ಮೊತ್ತ ಠೇವಣಿ ಇಡು ಎಂಬ ಷರತ್ತು ಹಾಕುವಂತಿಲ್ಲ.

ಎಲ್ಲ ಕಾನೂನುಗಳಲ್ಲೂ ಇದೇ ಲೆಕ್ಕವಿಲ್ಲ. ಮಾದಕ ವಸ್ತುಗಳ ಗಂಭೀರ ಪ್ರಕರಣಗಳಲ್ಲಿ ಮಿತಿ 180 ದಿನ, ಅದನ್ನೂ ವಿಸ್ತರಿಸಬಹುದು. ಯುಎಪಿಎ ಪ್ರಕರಣಗಳಲ್ಲಿ 90 ದಿನವನ್ನು ನ್ಯಾಯಾಲಯ 180ಕ್ಕೆ ಏರಿಸಬಹುದು. ಆ ಕಾನೂನಿನಡಿ ಬಂಧಿತರಾದ ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿಯವರನ್ನು ನಮ್ಮ ಓದುಗರು ಮರೆತಿರಲಾರರು. 2020ರ ಅಕ್ಟೋಬರ್ 8ರಂದು ಅವರ ಬಂಧನ. ಮರುದಿನವೇ ಅವರ ವಿರುದ್ಧ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ಎಣಿಸಲು ದಿನಗಳೇ ಉಳಿಯಲಿಲ್ಲ. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ವಿಚಾರಣಾಧೀನ ಕೈದಿಯಾಗಿಯೇ ಅವರು ತೀರಿಕೊಂಡರು. ಹಾಗಾಗಿ ಈ ಹಕ್ಕು ಎಲ್ಲಕ್ಕೂ ಮದ್ದೆಂದು ನಾವು ಹೇಳಲಾರೆವು. ತನಿಖೆಯ ವಿಳಂಬಕ್ಕಷ್ಟೇ ಇದು ಮದ್ದು, ವಿಚಾರಣೆಯ ವಿಳಂಬಕ್ಕೆ ಅಲ್ಲ.

ಕೊಲೆಯಾದವರ ಮನೆಯವರಿಗೆ ಇದು ಅನ್ಯಾಯವಲ್ಲವೇ ಎಂದು ಕೆಲವರು ಕೇಳುತ್ತಾರೆ. ಆ ನೋವು ಸಣ್ಣದಲ್ಲ. ಆದರೆ ಜಾಮೀನು ಬಿಡುಗಡೆಯೇ ಹೊರತು ಖುಲಾಸೆಯಲ್ಲ. ಮೊಕದ್ದಮೆ ನಡೆದೇ ನಡೆಯುತ್ತದೆ. ಮುಂದೆ ಬಲವಾದ ಸಾಕ್ಷ್ಯ ಹೊರಬಂದರೆ ಡಿಫಾಲ್ಟ್ ಜಾಮೀನನ್ನೂ ರದ್ದುಪಡಿಸಬಹುದೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಘಟ್ಟದ ಮೇಲೆ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಾಗಲಿ, ನಮ್ಮ ಕರಾವಳಿಯಲ್ಲಾಗಲಿ, ಜೈಲು ಭೇಟಿಗೆ ಹೋಗುವ ಕಾರ್ಯಕರ್ತರು ಕೈದಿಯನ್ನು ಮೊದಲು ಎರಡು ವಿಷಯ ಕೇಳಬೇಕು: ನ್ಯಾಯಾಧೀಶರ ಮುಂದೆ ಮೊದಲು ನಿಲ್ಲಿಸಿದ ದಿನ ಯಾವುದು, ಹಾಕಿರುವ ಕಲಮುಗಳು ಯಾವುವು. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ವಕೀಲರನ್ನು ಒದಗಿಸಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಜಿಲ್ಲಾ ಪ್ರಾಧಿಕಾರವನ್ನೋ ತಾಲ್ಲೂಕು ಸಮಿತಿಯನ್ನೋ ಕೇಳಬಹುದು, ಸಹಾಯವಾಣಿ 15100. ಜಾಮೀನು ಸಿಕ್ಕಿಯೂ ಪಹಣಿ ಹಿಡಿದು ಬರುವ ಜಾಮೀನುದಾರರಿಲ್ಲದೆ ಒಳಗೇ ಉಳಿಯುವವರಿದ್ದಾರೆ. ಆದೇಶವಾಗಿ ಏಳು ದಿನಗಳಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರಕ್ಕೆ ತಿಳಿಸಬೇಕು ಎಂಬುದು 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ. ಒಂದು ತಿಂಗಳಾದರೂ ಜಾಮೀನುದಾರರು ಸಿಗದಿದ್ದರೆ ಷರತ್ತನ್ನು ಸಡಿಲಿಸುವ ಬಗ್ಗೆ ನ್ಯಾಯಾಲಯವೇ ಮುಂದಾಗಿ ಪರಿಶೀಲಿಸಬಹುದು ಎಂದೂ ಅದರಲ್ಲಿದೆ.