ಒಂದೇ ಊರು, ಎರಡು ಆಡಳಿತ ಸರಣಿಗಳು

ಆಡಳಿತದ ಅನುಕೂಲಕ್ಕಾಗಿ ದೇಶವನ್ನು ರಾಜ್ಯಗಳನ್ನಾಗಿಯೂ ರಾಜ್ಯವನ್ನು ಜಿಲ್ಲೆಗಳನ್ನಾಗಿಯೂ ವಿಂಗಡಿಸಲಾಗಿದೆ. ಕರ್ನಾಟಕದಲ್ಲಿ 31 ಜಿಲ್ಲೆಗಳಿವೆ. ಜಿಲ್ಲೆಯಿಂದ ಕೆಳಗೆ ಗ್ರಾಮೀಣ ಆಡಳಿತವು ಎರಡು ಸರಣಿಗಳಲ್ಲಿ ಸಾಗುತ್ತದೆ. ಇವುಗಳ ವ್ಯತ್ಯಾಸವನ್ನು ಅರಿಯದಿದ್ದಲ್ಲಿ ಗ್ರಾಮಸ್ಥರ ಅರ್ಜಿಗಳು ಸಂಬಂಧಪಡದ ಕಚೇರಿಯಲ್ಲಿ ಉಳಿದು ವಿಳಂಬವಾಗುತ್ತದೆ.

ಮೊದಲನೆಯದು ಕಂದಾಯ ಆಡಳಿತ. ಜಿಲ್ಲೆ, ಉಪವಿಭಾಗ, ತಾಲ್ಲೂಕು, ಹೋಬಳಿ, ಕಂದಾಯ ಗ್ರಾಮ ಎಂಬುದು ಇದರ ಕ್ರಮ. ಪಹಣಿ, ಜಮೀನಿನ ಹಕ್ಕು ಬದಲಾವಣೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ ಮುಂತಾದವು ಜಿಲ್ಲಾಧಿಕಾರಿಯಿಂದ ಗ್ರಾಮ ಆಡಳಿತ ಅಧಿಕಾರಿಯವರೆಗಿನ ಈ ಸರಣಿಗೆ ಸೇರುತ್ತವೆ.

ಎರಡನೆಯದು 1993ರ ಪಂಚಾಯತ್ ರಾಜ್ ಅಧಿನಿಯಮದ ಚುನಾಯಿತ ವ್ಯವಸ್ಥೆ: ಜಿಲ್ಲಾ, ತಾಲ್ಲೂಕು ಮತ್ತು ಗ್ರಾಮ ಪಂಚಾಯತಿ. ಕುಡಿಯುವ ನೀರು, ಬೀದಿ ದೀಪ, ನೈರ್ಮಲ್ಯ, ಮನೆ ತೆರಿಗೆ ಗ್ರಾಮ ಪಂಚಾಯತಿಯ ಹೊಣೆ. ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯತಿ ರಚನೆಯಾಗುವುದರಿಂದ, ಅದರ ವ್ಯಾಪ್ತಿಯಲ್ಲಿ ಹಲವು ಕಂದಾಯ ಗ್ರಾಮಗಳು ಬರಬಹುದು. ಹೋಬಳಿ ಮಟ್ಟದಲ್ಲಿ ಚುನಾಯಿತ ಸಂಸ್ಥೆ ಇರುವುದಿಲ್ಲ. ಗ್ರಾಮ ಪಂಚಾಯತಿಯು ಹೋಬಳಿಗೆ ಅಧೀನವೂ ಅಲ್ಲ.

ಕೆಲವು ಕಾರ್ಯಗಳಿಗೆ ಎರಡೂ ಸರಣಿಗಳು ಬೇಕು. ಉದಾಹರಣೆಗೆ, ಊರಿಗೆ ಸ್ಮಶಾನವಿಲ್ಲದಿದ್ದಲ್ಲಿ ಸರ್ಕಾರಿ ಜಮೀನನ್ನು ಗುರುತಿಸಿ ಕಾಯ್ದಿರಿಸುವುದು ಕಂದಾಯ ಇಲಾಖೆಯ ಕಾರ್ಯ. ದಾರಿ, ಬೇಲಿ, ನೀರು ಒದಗಿಸಿ ನಿರ್ವಹಿಸುವುದು ಪಂಚಾಯತಿಯ ಕಾರ್ಯ. ಇಂತಹ ಸಂದರ್ಭದಲ್ಲಿ ಮೌಖಿಕ ಕೋರಿಕೆ ಸಾಲದು. ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಂಡು, ಅದರ ಪ್ರತಿಯೊಂದಿಗೆ ತಹಶೀಲ್ದಾರರಿಗೆ ಪ್ರಸ್ತಾವನೆ ಸಲ್ಲಿಸಿ, ಸ್ವೀಕೃತಿ ಪಡೆಯುವುದು ಸೂಕ್ತ. ಅರ್ಜಿ ಯಾವ ಸರಣಿಗೆ ಸೇರಿದ್ದೆಂದು ಮೊದಲ ದಿನವೇ ತಿಳಿಸುವುದು ಗ್ರಾಮಸ್ಥರಿಗೆ ಸದಸ್ಯರು ಮಾಡಬಹುದಾದ ದೊಡ್ಡ ಉಪಕಾರ.